ಸಿಸಿಟಿವಿ ಫೂಟೇಜನ್ನು ಎಲ್ಲ ಕಡೆ ಓಡುವ ವಿಡಿಯೊ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದುರ್ಗದ ಬೈಲಿನ ಬಟ್ಟೆ ಅಂಗಡಿ, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿ, ಸಪ್ತಾಪುರದ ಪಿಜಿ, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್, ಗದಗದ ಪ್ರಿಂಟಿಂಗ್ ಪ್ರೆಸ್. ಕ್ಯಾಮೆರಾ ಈಗ ಎಲ್ಲ ಕಡೆ ಇದೆ. ಆದರೆ ಕಳ್ಳತನ ಆದ ದಿನ, ಗಾಡಿಗೆ ಯಾರೋ ಗುದ್ದಿ ಹೋದ ದಿನ, ಆ ವಿಡಿಯೊ ಹೊರಗೆ ತೆಗೆಯಲು ಹೋದರೆ ಗೋಳು ಶುರು. ಪೆನ್‌ಡ್ರೈವ್ ಹಿಡಿಸುವುದಿಲ್ಲ, ಹಿಡಿಸಿದರೂ ಫೈಲ್ ಓಪನ್ ಆಗುವುದಿಲ್ಲ, ಓಪನ್ ಆದರೂ ವಾಟ್ಸ್‌ಆ್ಯಪ್‌ನಲ್ಲಿ ಹೋಗುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಕ್ಯಾಮೆರಾ ಹಾಕಿಸಿಕೊಂಡವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಅವಸರ ಇದ್ದವರು ಮೊದಲ ಮೂರು ಉತ್ತರ ಓದಿ ಕೆಲಸ ಶುರು ಮಾಡಿ. ಉಳಿದದ್ದನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಏನೋ ಘಟನೆ ಆಗಿದೆ. ಮೊದಲು ಏನು ಮಾಡಬೇಕು?

ಮೊದಲು ಫೂಟೇಜ್ ಕಾಪಿ ಮಾಡಿಕೊಳ್ಳಿ. ಯಾವ ಫಾರ್ಮ್ಯಾಟ್, ಯಾರಿಗೆ ಕಳಿಸಬೇಕು, ಎಲ್ಲ ಆಮೇಲೆ. ಡಿವಿಆರ್ (ಕ್ಯಾಮೆರಾಗಳ ವಿಡಿಯೊ ರೆಕಾರ್ಡ್ ಮಾಡಿಡುವ ಪೆಟ್ಟಿಗೆ) ತನ್ನ ಹಾರ್ಡ್‌ಡಿಸ್ಕ್ ತುಂಬಿದ ತಕ್ಷಣ ಹಳೆಯ ವಿಡಿಯೊ ಅಳಿಸಿ ಅದೇ ಜಾಗದಲ್ಲಿ ಹೊಸದು ಬರೆಯುತ್ತದೆ. ಯಾರನ್ನೂ ಕೇಳುವುದಿಲ್ಲ.

ಎಷ್ಟು ದಿನ ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 900 ಎಂಬಿ, ದಿನಕ್ಕೆ 21 ಜಿಬಿ ಚಿಲ್ಲರೆ. ಅಂಥ ನಾಲ್ಕು ಕ್ಯಾಮೆರಾ ಇದ್ದರೆ ದಿನಕ್ಕೆ 86 ಜಿಬಿ. ಅಂದರೆ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಹನ್ನೊಂದು ದಿನದ ಮೇಲೆ ಹೆಚ್ಚು ನಿಲ್ಲುವುದಿಲ್ಲ. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವ ಹಾಗೆ ಇಟ್ಟಿದ್ದರೆ ಇನ್ನಷ್ಟು ದಿನ ಬರುತ್ತದೆ. ಆದರೆ ಮೇನ್ ರಸ್ತೆ ಕಡೆ ಮುಖ ಮಾಡಿದ ಕ್ಯಾಮೆರಾಗೆ ಹಗಲೆಲ್ಲ ಚಲನೆಯೇ ಅಲ್ವಾ?

ಕಾಪಿ ಮಾಡುವವರು ಬರುವುದು ತಡ ಆಗುತ್ತದೆ ಅಂದರೆ ಸೆಟ್ಟಿಂಗ್‌ನಲ್ಲಿ ‘ಓವರ್‌ರೈಟ್’ ಆಫ್ ಮಾಡಿ. ಕೆಲವು ಡಿವಿಆರ್‌ಗಳಲ್ಲಿ ಬೇಕಾದ ತುಣುಕನ್ನು ‘ಲಾಕ್’ ಮಾಡುವ ಅನುಕೂಲವೂ ಇರುತ್ತದೆ. ಎರಡೂ ಸಿಗಲಿಲ್ಲವೆಂದರೆ ಮೆನುವಿನಿಂದಲೇ ಶಟ್‌ಡೌನ್ ಮಾಡಿಬಿಡಿ. ಒಂದು ದಿನ ರೆಕಾರ್ಡಿಂಗ್ ಇಲ್ಲದಿದ್ದರೂ ಪರವಾಗಿಲ್ಲ, ಬೇಕಾದ ಹತ್ತು ನಿಮಿಷ ಉಳಿದರೆ ಸಾಕು.

ಹೆಚ್ಚು ಜನ ಸೇರುವ ಜಾಗಗಳಿಗೆ ಇನ್ನೊಂದು ಮಾತು. ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳು) ಜಾರಿ ಅಧಿನಿಯಮ, 2017ರ ಪ್ರಕಾರ ಅಂಥ ಸಂಸ್ಥೆಗಳು 30 ದಿನದ ಫೂಟೇಜ್ ಇಟ್ಟುಕೊಳ್ಳಬೇಕು, ಪೊಲೀಸ್ ಇನ್‌ಸ್ಪೆಕ್ಟರ್ ಕೇಳಿದಾಗ ಕೊಡಬೇಕು. ಮೇಲಿನ ಲೆಕ್ಕ ನೋಡಿದರೆ 1 ಟಿಬಿ ಡಿಸ್ಕ್ ಅದಕ್ಕೆ ಸಾಲುವುದಿಲ್ಲ ಅಂತ ತಿಳಿಯುತ್ತದೆ.

ಡಿವಿಆರ್‌ನಿಂದ ಪೆನ್‌ಡ್ರೈವ್‌ಗೆ ತೆಗೆಯುವುದು ಹೇಗೆ?

ಕಂಪನಿ ಯಾವುದೇ ಇರಲಿ, ದಾರಿ ಹೆಚ್ಚುಕಡಿಮೆ ಒಂದೇ. ಮೌಸ್ ಹಚ್ಚಿ ಲಾಗಿನ್ ಆಗಿ. ಮೆನುವಿನಲ್ಲಿ ‘ಬ್ಯಾಕಪ್’ ಅಥವಾ ‘ಎಕ್ಸ್‌ಪೋರ್ಟ್’ ಅಂತ ಇರುತ್ತದೆ. ಕ್ಯಾಮೆರಾ ನಂಬರ್ ಆರಿಸಿ, ತಾರೀಖು ಮತ್ತು ಸಮಯ ಹಾಕಿ, ಹುಡುಕಿ, ಟಿಕ್ ಮಾಡಿ, ಪೆನ್‌ಡ್ರೈವ್‌ಗೆ ಕಳಿಸಿ.

ಇಲ್ಲಿ ನಾಲ್ಕು ವಿಷಯ ಗಮನಿಸಿ. ಒಂದು, ಘಟನೆಯ ಸಮಯಕ್ಕಿಂತ ಹಿಂದೆ ಮುಂದೆ ಹದಿನೈದು ನಿಮಿಷವಾದರೂ ಜಾಸ್ತಿ ತೆಗೆಯಿರಿ. ಕಳ್ಳ ಒಳಗೆ ಬಂದದ್ದು ಮುಖ್ಯ, ಆದರೆ ಅವನು ಅದಕ್ಕೂ ಮೊದಲು ಎದುರಿನ ಕಟ್ಟೆಯ ಮೇಲೆ ಕುಳಿತಿದ್ದದ್ದು ಇನ್ನೂ ಮುಖ್ಯ ಆಗಬಹುದು. ಎರಡು, ಆ ಹೊತ್ತಿನ ಎಲ್ಲ ಕ್ಯಾಮೆರಾ ತೆಗೆಯಿರಿ. ಒಂದರಲ್ಲಿ ಮುಖ ಕಾಣದಿದ್ದರೆ ಇನ್ನೊಂದರಲ್ಲಿ ಕಾಣುತ್ತದೆ. ಮೂರು, ‘ಮೇನ್ ಸ್ಟ್ರೀಮ್’ ಆರಿಸಿ. ‘ಸಬ್ ಸ್ಟ್ರೀಮ್’ ಅಂದರೆ ಮೊಬೈಲ್‌ನಲ್ಲಿ ಬೇಗ ನೋಡಲು ಇಟ್ಟ ಸಣ್ಣ, ಮಸುಕು ವಿಡಿಯೊ. ನಾಲ್ಕು, ಫಾರ್ಮ್ಯಾಟ್ ಕೇಳಿದರೆ ಡಿವಿಆರ್‌ನ ಸ್ವಂತ ಫಾರ್ಮ್ಯಾಟ್ ಒಂದು ಸಲ, ಎಂಪಿ4 ಅಥವಾ ಎವಿಐ ಇನ್ನೊಂದು ಸಲ, ಹೀಗೆ ಎರಡೂ ತೆಗೆದುಕೊಳ್ಳಿ. ‘ಪ್ಲೇಯರ್ ಕೂಡ ಕಾಪಿ ಮಾಡಲೇ’ ಅಂತ ಕೇಳಿದರೆ ಹೂಂ ಅನ್ನಿ.

ಕಾಪಿ ಮುಗಿದ ಮೇಲೆ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿ, ವಿಡಿಯೊ ಕೊನೆಯವರೆಗೂ ಓಡುತ್ತದಾ ಅಂತ ಅಲ್ಲೇ ನೋಡಿ. ಅರ್ಧಕ್ಕೆ ನಿಂತ ಕಾಪಿಗಳು ನಾವು ಅಂದುಕೊಂಡಷ್ಟು ಅಪರೂಪ ಅಲ್ಲ.

ಪೆನ್‌ಡ್ರೈವ್ ಹಾಕಿದರೆ ಡಿವಿಆರ್ ಗುರುತೇ ಹಿಡಿಯುವುದಿಲ್ಲ. ಯಾಕೆ?

ಹೆಚ್ಚಿನ ಸಲ ಪೆನ್‌ಡ್ರೈವ್ ಕೆಟ್ಟಿರುವುದಿಲ್ಲ, ಅದರ ಫಾರ್ಮ್ಯಾಟ್ (ಅದರೊಳಗೆ ಫೈಲುಗಳನ್ನು ಜೋಡಿಸಿಡುವ ರೀತಿ) ಬೇರೆ ಇರುತ್ತದೆ. ಹಳೆಯ ಡಿವಿಆರ್‌ಗಳಿಗೆ ಫ್ಯಾಟ್32 ಮಾತ್ರ ಗೊತ್ತು. ಈಗ ಅಂಗಡಿಯಲ್ಲಿ ಸಿಗುವ 64 ಜಿಬಿ, 128 ಜಿಬಿ ಪೆನ್‌ಡ್ರೈವ್‌ಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಡಿವಿಆರ್ ಮೆನುವಿನಲ್ಲೇ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವ ಬಟನ್ ಇದ್ದರೆ ಅದನ್ನೇ ಬಳಸಿ. ಆದರೆ ಎಚ್ಚರ. ಅದೇ ಮೆನುವಿನ ಅಕ್ಕಪಕ್ಕದಲ್ಲಿ ಡಿವಿಆರ್‌ನ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡುವ ಬಟನ್ನೂ ಇರುತ್ತದೆ. ಅದನ್ನು ಒತ್ತಿದರೆ ಕಥೆ ಮುಗಿಯಿತು. ಅನುಮಾನ ಇದ್ದರೆ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿಕೊಂಡು ಬನ್ನಿ. 16 ಅಥವಾ 32 ಜಿಬಿಯ ಒಂದು ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ ಡಿವಿಆರ್ ಪಕ್ಕದಲ್ಲೇ ಇಟ್ಟಿದ್ದರೆ ಅವಸರದಲ್ಲಿ ಓಡಾಟ ತಪ್ಪುತ್ತದೆ.

ಫ್ಯಾಟ್32ಗೆ ಒಂದು ಮಿತಿ ಇದೆ. ಒಂದೇ ಫೈಲ್ 4 ಜಿಬಿ ದಾಟುವಂತಿಲ್ಲ. ಹಾಗಾಗಿ ಉದ್ದದ ರೆಕಾರ್ಡಿಂಗ್ ತುಂಡು ತುಂಡಾಗಿ ಬರುತ್ತದೆ, ಇಲ್ಲವೇ ಅಲ್ಲಿಗೇ ನಿಲ್ಲುತ್ತದೆ. ಒಂದೊಂದು ಗಂಟೆ ಮಾಡಿ ತೆಗೆದರೆ ಈ ತೊಂದರೆ ಇಲ್ಲ.

ಫೈಲ್ ಕಂಪ್ಯೂಟರಿಗೆ ಬಂತು. ಆದರೆ ಓಪನ್ ಆಗುತ್ತಿಲ್ಲ.

ಮೊದಲು ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ ನೋಡಿ. ಉಚಿತ, ಬಹಳಷ್ಟು ಫೈಲ್ ಅದರಲ್ಲೇ ಓಡುತ್ತವೆ.

ಓಡದಿದ್ದರೆ ಫೈಲ್ ಹೆಸರಿನ ಬಾಲ ನೋಡಿ. ದಹುವಾ ಡಿವಿಆರ್‌ಗಳು ‘ಡಿಎವಿ’ ಫೈಲ್ ಕೊಡುತ್ತವೆ. ನಮ್ಮ ಕಡೆ ಬಹಳ ಅಂಗಡಿಗಳಲ್ಲಿ ಇರುವ ಸಿಪಿ ಪ್ಲಸ್‌ನ ಹಲವು ಮಾಡೆಲ್‌ಗಳಿಂದಲೂ ಅದೇ ಬರುತ್ತದೆ. ಹಿಕ್‌ವಿಷನ್‌ದು ಇನ್ನೂ ಗೊಂದಲ. ಅದರ ಫೈಲಿನ ಹೆಸರಲ್ಲಿ ಎಂಪಿ4 ಅಂತಲೇ ಇರುತ್ತದೆ, ಒಳಗಿರುವುದು ಮಾತ್ರ ಎಷ್ಟೋ ಸಲ ಕಂಪನಿಯದೇ ಬೇರೆ ಜೋಡಣೆ. ಅದಕ್ಕೇ ‘ಎಂಪಿ4 ಇದೆ, ಆದರೂ ಮೊಬೈಲ್‌ನಲ್ಲಿ ಓಡುತ್ತಿಲ್ಲ’ ಅನ್ನುವ ದೂರು. ಅಗ್ಗದ, ಹೆಸರಿಲ್ಲದ ಡಿವಿಆರ್‌ಗಳು ‘264’ ಅಥವಾ ‘265’ ಅಂತ ಕೊನೆಯಾಗುವ ಕಚ್ಚಾ ಫೈಲ್ ಕೊಡುತ್ತವೆ.

ಇಂಥ ಫೈಲುಗಳಿಗೆ ಆಯಾ ಕಂಪನಿಯ ಪ್ಲೇಯರ್ ಇದೆ. ದಹುವಾದ್ದು ಸ್ಮಾರ್ಟ್ ಪ್ಲೇಯರ್, ಹಿಕ್‌ವಿಷನ್‌ದು ವಿಎಸ್‌ಪ್ಲೇಯರ್. ಎರಡೂ ಉಚಿತ. ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಮೊದಲು ಕಂಡ ಯಾವುದೋ ಸೈಟಿನಿಂದ ಇಳಿಸಿಕೊಂಡರೆ ಪ್ಲೇಯರ್ ಜೊತೆ ವೈರಸ್ಸೂ ಬರಬಹುದು.

ಎಂಪಿ4, ಎವಿಐ, ಎಚ್.264, ಎಚ್.265... ಇವೆಲ್ಲ ಏನು?

ಎಂಪಿ4, ಎವಿಐ, ಎಂಕೆವಿ, ಡಿಎವಿ ಇವೆಲ್ಲ ಚೀಲ. ಎಚ್.264, ಎಚ್.265 ಅನ್ನುವುದು ಚೀಲದ ಒಳಗಿನ ಮಾಲು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸುರಿದರೆ ಕಾಯಿ ಹಾಗೇ ಇರುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿ ತುಂಬಿದರೆ ಮತ್ತೆ ಕಾಯಿ ಆಗುವುದಿಲ್ಲ.

ವಿಡಿಯೊ ‘ಕನ್ವರ್ಟ್’ ಮಾಡುವುದರಲ್ಲೂ ಈ ಎರಡು ದಾರಿ ಇವೆ. ಒಂದು, ಒಳಗಿನ ಚಿತ್ರ ಮುಟ್ಟದೆ ಚೀಲ ಮಾತ್ರ ಬದಲಿಸುವುದು. ಇದು ಕೆಲವೇ ಸೆಕೆಂಡಿನ ಕೆಲಸ, ಸ್ಪಷ್ಟತೆ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಇನ್ನೊಂದು, ಚಿತ್ರವನ್ನೇ ಬಿಡಿಸಿ ಮತ್ತೆ ಒತ್ತುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ, ಪ್ರತಿ ಸಲವೂ ಸ್ವಲ್ಪ ಮಸುಕಾಗುತ್ತದೆ. ಮೊದಲೇ ಮಸುಕಾಗಿರುವ ರಾತ್ರಿ ಫೂಟೇಜಿಗೆ ಅಷ್ಟೂ ದುಬಾರಿ. ಮೊದಲ ದಾರಿಯಿಂದ ಕೆಲಸ ಆಗುತ್ತಿದ್ದರೆ ಎರಡನೆಯದಕ್ಕೆ ಹೋಗಬೇಡಿ.

ಎಚ್.264 ಅನ್ನುವುದು 2003ರದು, ಹೆಚ್ಚುಕಡಿಮೆ ಎಲ್ಲ ಫೋನು, ಟಿವಿ, ಕಂಪ್ಯೂಟರಿನಲ್ಲಿ ಓಡುತ್ತದೆ. ಎಚ್.265 ಬಂದದ್ದು 2013ರಲ್ಲಿ. ಅದೇ ಸ್ಪಷ್ಟತೆಗೆ ಕಡಿಮೆ ಜಾಗ ಸಾಕು, ಅದಕ್ಕೇ ಈಗಿನ ಡಿವಿಆರ್‌ಗಳು ಅದನ್ನು ಇಷ್ಟಪಡುತ್ತವೆ. ಆದರೆ ಹಳೆಯ ಯಂತ್ರಗಳಿಗೆ ಅದು ಅರ್ಥ ಆಗುವುದಿಲ್ಲ.

ಹಾಗಾದರೆ ಸ್ಪಷ್ಟತೆ ಕೆಡದಂತೆ ಎಂಪಿ4 ಮಾಡುವುದು ಹೇಗೆ?

ಅನುಕೂಲ ನೋಡಿಕೊಂಡು ಒಂದು ದಾರಿ ಹಿಡಿಯಿರಿ.

ಎಲ್ಲಕ್ಕಿಂತ ಸುಲಭ ಕಂಪನಿಯ ಪ್ಲೇಯರ್. ಸ್ಮಾರ್ಟ್ ಪ್ಲೇಯರಿನಲ್ಲಿ ಡಿಎವಿ ಫೈಲ್ ತೆರೆದು ‘ಎಕ್ಸ್‌ಪೋರ್ಟ್’ ಒತ್ತಿದರೆ ಎಂಪಿ4 ಅಥವಾ ಎವಿಐ ಕೊಡುತ್ತದೆ. ತನ್ನ ಫೈಲಿನ ಒಳಗುಟ್ಟು ಅದಕ್ಕೇ ಚೆನ್ನಾಗಿ ಗೊತ್ತು, ಸಮಯವೂ ತಪ್ಪುವುದಿಲ್ಲ.

ಎರಡನೆಯದು ಲಾಸ್‌ಲೆಸ್‌ಕಟ್. ಉಚಿತ ಸಾಫ್ಟ್‌ವೇರ್. ಫೈಲನ್ನು ಎಳೆದು ಅದರ ಕಿಟಕಿಗೆ ಬಿಟ್ಟು, ಔಟ್‌ಪುಟ್ ಎಂಪಿ4 ಅಂತ ಆರಿಸಿ ಎಕ್ಸ್‌ಪೋರ್ಟ್ ಮಾಡಿ. ಇದು ಚೀಲ ಮಾತ್ರ ಬದಲಿಸುತ್ತದೆ.

ಮೂರನೆಯದು ಎಫ್‌ಎಫ್‌ಎಂಪೆಗ್. ಬಟನ್ ಇಲ್ಲ, ಕಮಾಂಡ್ ಟೈಪ್ ಮಾಡಬೇಕು. ಕಂಪ್ಯೂಟರ್ ಕಲಿತ ಹುಡುಗರು ಮನೆಯಲ್ಲಿದ್ದರೆ ಅವರಿಗೆ ‘ಕೋಡೆಕ್ ಕಾಪಿ’ ಅಂತ ಹೇಳಿ, ಅರ್ಥ ಆಗುತ್ತದೆ. ಈಚಿನ ಆವೃತ್ತಿಗಳು ಡಿಎವಿ ಫೈಲನ್ನೂ ನೇರವಾಗಿ ಓದುತ್ತವೆ. ಐವತ್ತು ಅರವತ್ತು ಫೈಲ್ ಒಟ್ಟಿಗೆ ಬದಲಿಸಬೇಕೆಂದರೆ ಇದರಷ್ಟು ವೇಗದ್ದು ಇನ್ನೊಂದಿಲ್ಲ.

ವಿಎಲ್‌ಸಿಯಲ್ಲೂ ‘ಕನ್ವರ್ಟ್/ಸೇವ್’ ಇದೆ. ಆದರೆ ಸುಮ್ನೆ ಒತ್ತಿದರೆ ಅದು ಚಿತ್ರವನ್ನು ಮತ್ತೆ ಒತ್ತುತ್ತದೆ. ಪ್ರೊಫೈಲ್ ತಿದ್ದುವ ಕಡೆ ‘ಮೂಲ ವಿಡಿಯೊ ಟ್ರ್ಯಾಕ್ ಉಳಿಸು’ ಅನ್ನುವ ಅರ್ಥದ ಇಂಗ್ಲಿಷ್ ಆಯ್ಕೆ ಇರುತ್ತದೆ, ಅದಕ್ಕೆ ಟಿಕ್ ಹಾಕಬೇಕು. ಈ ಕೆಲಸಕ್ಕೆ ವಿಎಲ್‌ಸಿ ನನಗೆ ಅಷ್ಟು ಹಿಡಿಸಿಲ್ಲ. ನೋಡುವುದಕ್ಕೆ ಒಳ್ಳೆಯದು, ಬದಲಿಸುವುದಕ್ಕೆ ಬೇರೆ ಇವೆ.

ಫೈಲ್ ಹೆಸರಲ್ಲಿ ಡಿಎವಿ ತೆಗೆದು ಎಂಪಿ4 ಅಂತ ಬರೆದರೆ ಆಗುವುದಿಲ್ಲವೇ?

ಇಲ್ಲ. ಹೆಸರು ಬದಲಾಗುತ್ತದೆ, ಒಳಗಿನದು ಅದೇ. ಹಾಗೆ ಮಾಡಿದ ಮೇಲೂ ವಿಎಲ್‌ಸಿಯಲ್ಲಿ ಓಡಿದರೆ ಅದು ಹೆಸರು ನಂಬದೆ ಒಳಗೆ ಇಣುಕಿ ನೋಡಿದ್ದರಿಂದ ಓಡಿದ್ದು.

ಮಾತು ಕೇಳುತ್ತದೆ, ಚಿತ್ರ ಬರೀ ಕಪ್ಪು. ಅಥವಾ ವಿಂಡೋಸ್ ಪ್ಲೇಯರ್ ದುಡ್ಡು ಕೇಳುತ್ತಿದೆ.

ವಿಡಿಯೊ ಎಚ್.265 ಇದೆ ಅಂತ ಅರ್ಥ. ವಿಂಡೋಸ್‌ನ ಸ್ವಂತ ಪ್ಲೇಯರಿಗೆ ಅದನ್ನು ಓಡಿಸಲು ಬೇರೆ ಎಕ್ಸ್‌ಟೆನ್ಷನ್ ಬೇಕು, ಅದಕ್ಕೆ ಮೈಕ್ರೋಸಾಫ್ಟ್ ಸ್ಟೋರ್ ಸ್ವಲ್ಪ ಹಣ ಕೇಳುತ್ತದೆ. ನೀವು ನೋಡುವುದಷ್ಟೇ ಆದರೆ ವಿಎಲ್‌ಸಿ ಸಾಕು, ದುಡ್ಡು ಕೊಡಬೇಡಿ.

ಬೇರೆಯವರಿಗೆ ಕಳಿಸಬೇಕು, ಅವರ ಹತ್ತಿರ ಯಾವ ಫೋನ್ ಇದೆಯೋ ಗೊತ್ತಿಲ್ಲ ಅನ್ನುವಾಗ ಮಾತ್ರ ಎಚ್.264ಗೆ ಬದಲಿಸಿ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯದು. ಅದರಲ್ಲಿ ಗುಣಮಟ್ಟದ ಅಂಕಿ 20ರಿಂದ 22ರ ಒಳಗೆ ಇಡಿ. ಅಂಕಿ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಮೂಲ ಫೈಲ್ ಅಳಿಸಬೇಡಿ.

ಮುಂದೆ ಈ ರಗಳೆಯೇ ಬೇಡ ಅನ್ನುವವರು ಡಿವಿಆರ್ ಸೆಟ್ಟಿಂಗ್‌ನಲ್ಲಿ ಎನ್‌ಕೋಡಿಂಗನ್ನು ಎಚ್.264 ಮಾಡಿಡಬಹುದು. ಆದರೆ ದಿನಗಳು ಕಡಿಮೆ ಆಗುತ್ತವೆ. ಡಿಸ್ಕ್ ದೊಡ್ಡದಿದ್ದರೆ ಮಾಡಿ, ಇಲ್ಲದಿದ್ದರೆ ಎಚ್.265 ಇರಲಿ.

ಕನ್ವರ್ಟ್ ಮಾಡಿದ ಮೇಲೆ ಜನ ಓಡಿದ ಹಾಗೆ ಕಾಣುತ್ತಾರೆ.

264, 265 ಅಂತ ಕೊನೆಯಾಗುವ ಕಚ್ಚಾ ಫೈಲುಗಳಲ್ಲಿ ಇದು ಮಾಮೂಲು. ಅದರೊಳಗೆ ಚಿತ್ರಗಳು ಮಾತ್ರ ಇರುತ್ತವೆ, ಯಾವ ಚಿತ್ರ ಯಾವ ಕ್ಷಣದ್ದು ಅನ್ನುವ ಲೆಕ್ಕ ಸರಿಯಾಗಿ ಇರುವುದಿಲ್ಲ. ಸಾಫ್ಟ್‌ವೇರ್ ಸೆಕೆಂಡಿಗೆ 25 ಚಿತ್ರ ಅಂತ ತಾನೇ ಊಹಿಸಿಕೊಳ್ಳುತ್ತದೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 15 ಚಿತ್ರ ತೆಗೆದಿದ್ದರೆ ಒಂದು ನಿಮಿಷದ ಘಟನೆ 36 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಡೆದು ಹೋದವನು ಓಡಿದ ಹಾಗೆ, ನಿಧಾನ ಬಂದ ಟಂಟಂ ರಭಸದಿಂದ ಬಂದ ಹಾಗೆ ಕಾಣುತ್ತದೆ. ಅಪಘಾತದ ಕೇಸಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಡಿವಿಆರ್‌ನ ರೆಕಾರ್ಡ್ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಎಷ್ಟಿದೆ ನೋಡಿ, ಕನ್ವರ್ಟ್ ಮಾಡುವಾಗ ಅದೇ ಅಂಕಿ ಕೊಡಿ. ಮುಗಿದ ಮೇಲೆ ಚಿತ್ರದ ಮೇಲಿನ ಗಡಿಯಾರವನ್ನು ಕೈಗಡಿಯಾರದ ಜೊತೆ ಹಿಡಿದು ಒಂದು ನಿಮಿಷ ನೋಡಿ. ಎರಡೂ ಒಟ್ಟಿಗೆ ನಡೆದರೆ ಸರಿ ಇದೆ.

ಧ್ವನಿ ಬರುತ್ತಿಲ್ಲ.

ಮೊದಲು ಕ್ಯಾಮೆರಾದಲ್ಲಿ ಮೈಕ್ ಇದೆಯಾ ನೋಡಿ. ಬಹಳ ಕ್ಯಾಮೆರಾಗಳಲ್ಲಿ ಇರುವುದೇ ಇಲ್ಲ. ಇದ್ದು, ಡಿವಿಆರ್‌ನಲ್ಲಿ ಕೇಳಿಸಿ, ಎಂಪಿ4 ಮಾಡಿದ ಮೇಲೆ ಮಾತ್ರ ಹೋಗಿದ್ದರೆ ಕಾರಣ ಬೇರೆ. ಕ್ಯಾಮೆರಾಗಳು ಧ್ವನಿಯನ್ನು ಹೆಚ್ಚಾಗಿ ಜಿ.711 ಅನ್ನುವ ಟೆಲಿಫೋನ್ ಕಾಲದ ರೀತಿಯಲ್ಲಿ ಇಡುತ್ತವೆ, ಎಂಪಿ4ಗೆ ಅದು ಒಗ್ಗುವುದಿಲ್ಲ. ಚಿತ್ರವನ್ನು ಹಾಗೇ ಬಿಟ್ಟು ಧ್ವನಿಯನ್ನು ಮಾತ್ರ ಎಂಪಿ4ಗೆ ಒಗ್ಗುವ ಎಎಸಿ ಅನ್ನುವ ರೀತಿಗೆ ಬದಲಿಸಿದರೆ ಸಾಕು. ಚಿತ್ರಕ್ಕೆ ಏನೂ ಆಗುವುದಿಲ್ಲ. ಅಥವಾ ಎಂಕೆವಿ ಚೀಲಕ್ಕೆ ಹಾಕಿ, ಅದು ಜಿ.711 ಧ್ವನಿಯನ್ನೂ ತೆಗೆದುಕೊಳ್ಳುತ್ತದೆ.

ಎರಡು ಗಂಟೆಯಲ್ಲಿ ಎರಡು ನಿಮಿಷ ಮಾತ್ರ ಬೇಕು. ಕತ್ತರಿಸಿದರೆ ಬೇರೆ ಕಡೆಯಿಂದ ಶುರು ಆಗುತ್ತದೆ!

ವಿಡಿಯೊದಲ್ಲಿ ಪ್ರತಿ ಚಿತ್ರವೂ ಪೂರ್ತಿ ಇರುವುದಿಲ್ಲ. ಆಗೊಮ್ಮೆ ಒಂದು ಪೂರ್ತಿ ಚಿತ್ರ, ನಡುವೆ ಎಲ್ಲ ‘ಇಷ್ಟು ಬದಲಾಯಿತು’ ಅನ್ನುವ ಲೆಕ್ಕ ಮಾತ್ರ. ಮತ್ತೆ ಒತ್ತದೆ ಕತ್ತರಿಸುವಾಗ ಪೂರ್ತಿ ಚಿತ್ರ ಇರುವ ಜಾಗದಿಂದಲೇ ಶುರು ಆಗಬೇಕು. ಎಚ್.264 ಪ್ಲಸ್, ಎಚ್.265 ಪ್ಲಸ್ ಅಂತ ಡಿವಿಆರ್‌ನಲ್ಲಿ ಆನ್ ಮಾಡಿದ್ದರೆ ಪೂರ್ತಿ ಚಿತ್ರಗಳು ಇನ್ನೂ ದೂರ ದೂರ. ಹಾಗಾಗಿ ನೀವು ಹೇಳಿದ ಕ್ಷಣಕ್ಕಿಂತ ಕೆಲವು ಸೆಕೆಂಡು ಹಿಂದೆ ಹೋಗಿ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ. ಸ್ವಲ್ಪ ಜಾಸ್ತಿಯೇ ಇರಲಿ ಬಿಡಿ.

ತುಂಡು ತುಂಡಾಗಿ ಬಂದ ಫೈಲುಗಳನ್ನು ಜೋಡಿಸಬಹುದೇ?

ಒಂದೇ ಕ್ಯಾಮೆರಾದ್ದಾದರೆ ಜೋಡಿಸಬಹುದು. ಲಾಸ್‌ಲೆಸ್‌ಕಟ್‌ನಲ್ಲೇ ಆ ಅನುಕೂಲ ಇದೆ. ಬೇರೆ ಬೇರೆ ಕ್ಯಾಮೆರಾ ತುಣುಕು ಸೇರಿಸಿ ಒಂದು ಕಥೆ ಮಾಡಿ ಪೊಲೀಸರಿಗೆ ಕೊಡಬೇಡಿ. ಅದು ಎಡಿಟ್ ಆಯಿತು. ಬೇಕಾದರೆ ತಿಳಿವಳಿಕೆಗೆ ಅಂತ ಬೇರೆ ಕೊಡಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಗಾಡಿ ನಂಬರ್ ಅಳಿಸಿಹೋಗುತ್ತದೆ.

ಗ್ಯಾಲರಿಯಿಂದ ವಿಡಿಯೊ ಅಂತ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ನಂಬರ್ ಪ್ಲೇಟಿನಂಥ ಸಣ್ಣ ವಿವರ ಮೊದಲು ಹೋಗುತ್ತವೆ. ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ. 2022ರಿಂದ 2 ಜಿಬಿವರೆಗಿನ ಫೈಲ್ ಹೀಗೆ ಕಳಿಸಬಹುದು. ಓಣಿಯ ಗ್ರೂಪಿಗೆ ಹಾಕುವುದಕ್ಕೆ ಹಿಂಡಿದ್ದು ನಡೆಯುತ್ತದೆ, ಸ್ಟೇಷನ್ನಿಗೆ ನಡೆಯುವುದಿಲ್ಲ. ಗ್ರೂಪಿನಿಂದ ಗ್ರೂಪಿಗೆ ಹಾದು ನಾಲ್ಕು ಊರು ಸುತ್ತಿ ಬಂದ ವಿಡಿಯೊವನ್ನೇ ಸ್ಟೇಷನ್ನಿಗೆ ಒಯ್ಯುವವರೂ ಇದ್ದಾರೆ. ನಿಮ್ಮ ಡಿವಿಆರ್‌ನಲ್ಲಿ ಮೂಲ ಇರುವಾಗ ಆ ಕೆಲಸ ಯಾಕೆ?

ಟಿವಿ ಪರದೆ ಮೇಲೆ ಓಡುತ್ತಿರುವ ಫೂಟೇಜನ್ನು ಮೊಬೈಲ್‌ನಿಂದ ಶೂಟ್ ಮಾಡುವುದೂ ಅಷ್ಟೇ. ಪರದೆಯ ಗೆರೆಗಳು, ಲೈಟಿನ ಹೊಳಪು, ಹಿಂದೆ ಅಂಗಡಿಯವರ ಮಾತು ಎಲ್ಲ ಸೇರಿಕೊಳ್ಳುತ್ತವೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಮೊಬೈಲ್ ಆ್ಯಪ್‌ನಿಂದ ಇಳಿಸಿಕೊಂಡರೆ ಸಾಲದೇ?

ತುಣುಕು ಸಣ್ಣದಿದ್ದರೆ ಸಾಕು. ಹಿಕ್‌ವಿಷನ್‌ನ ಹಿಕ್-ಕನೆಕ್ಟ್, ದಹುವಾದ ಡಿಎಂಎಸ್‌ಎಸ್‌ನಂಥ ಆ್ಯಪ್‌ಗಳಲ್ಲಿ ಆ ಅನುಕೂಲ ಇದೆ. ಆದರೆ ಆ್ಯಪ್ ಎಷ್ಟೋ ಸಲ ಸಬ್ ಸ್ಟ್ರೀಮ್ ತೋರಿಸುತ್ತಿರುತ್ತದೆ, ಅದನ್ನೇ ಉಳಿಸುತ್ತದೆ. ಎಚ್‌ಡಿ ಆರಿಸಿಕೊಂಡು ಮಾಡಿ. ಇಳಿಸಿದ್ದು ಫೋನ್ ಗ್ಯಾಲರಿಯಲ್ಲಿ ಕಾಣದಿದ್ದರೆ ಆ್ಯಪ್‌ನ ಒಳಗಿನ ಆಲ್ಬಮ್‌ನಲ್ಲಿ ನೋಡಿ, ಅಲ್ಲಿಂದ ಗ್ಯಾಲರಿಗೆ ಕಳಿಸಿ.

ನೀವು ಬೆಂಗಳೂರಿನಲ್ಲಿ ಕುಳಿತು ಹಾವೇರಿಯ ಮನೆಯ ಫೂಟೇಜ್ ಇಳಿಸುತ್ತಿದ್ದರೆ ನಿಮ್ಮ ನೆಟ್ ಎಷ್ಟು ಜೋರಿದ್ದರೂ ಆಗುವುದಿಲ್ಲ, ಹಾವೇರಿ ಮನೆಯ ಅಪ್‌ಲೋಡ್ ವೇಗವೇ ಲೆಕ್ಕ. ಒಂದು ಗಂಟೆಯ ಫೂಟೇಜಿಗೆ ರಾತ್ರಿಯೆಲ್ಲ ಹಿಡಿಯಬಹುದು. ಊರಲ್ಲಿ ಇರುವವರಿಗೆ ಹೇಳಿ ಪೆನ್‌ಡ್ರೈವ್‌ಗೆ ತೆಗೆಸಿ.

ಪೊಲೀಸರಿಗೆ, ಕೋರ್ಟಿಗೆ ಯಾವ ಫೈಲ್ ಕೊಡಬೇಕು?

ಡಿವಿಆರ್ ಕೊಟ್ಟ ಮೂಲ ಫೈಲ್ ಮತ್ತು ಅದರ ಪ್ಲೇಯರ್. ಜೊತೆಗೆ ನೋಡಲು ಅನುಕೂಲ ಆಗಲಿ ಅಂತ ಎಂಪಿ4 ಪ್ರತಿ. ಎಂಪಿ4 ಒಂದನ್ನೇ ಕೊಟ್ಟು ಮೂಲ ಅಳಿಸಿಬಿಟ್ಟರೆ ಎದುರು ಪಕ್ಷದ ವಕೀಲರಿಗೆ ಅದೇ ಸಾಕು. ಕೆಲವು ಡಿವಿಆರ್‌ಗಳು ಫೂಟೇಜಿನ ಒಳಗೆ ಕಣ್ಣಿಗೆ ಕಾಣದ ವಾಟರ್‌ಮಾರ್ಕ್ ಸೇರಿಸುತ್ತವೆ. ಯಾರೂ ತಿದ್ದಿಲ್ಲ ಅಂತ ಕಂಪನಿಯ ಪ್ಲೇಯರಿನಲ್ಲಿ ಪರೀಕ್ಷೆ ಮಾಡಲು ಅದು ಬೇಕು. ಕನ್ವರ್ಟ್ ಮಾಡಿದ ಪ್ರತಿಯಲ್ಲಿ ಅದನ್ನು ನಂಬಿಕೊಳ್ಳುವಂತಿಲ್ಲ.

ಕಾನೂನು 2024ರ ಜುಲೈ 1ರಿಂದ ಬದಲಾಗಿದೆ. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಂ ಜಾಗದಲ್ಲಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಇದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ನಮೂನೆ ಕಾಯ್ದೆಯ ಕೊನೆಯ ಅನುಸೂಚಿಯಲ್ಲೇ ಇದೆ. ಅದರಲ್ಲಿ ಎರಡು ಭಾಗ. ‘ಎ’ ಭಾಗವನ್ನು ಫೂಟೇಜ್ ಕೊಡುವವರು ತುಂಬಬೇಕು, ‘ಬಿ’ ಭಾಗ ತಜ್ಞರದ್ದು. ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ, ಹಳೆಯ ಕಲಂ ಇದ್ದಾಗಲೇ, ಹೇಳಿತ್ತು. ಮೂಲ ಸಾಧನವನ್ನೇ, ಅಂದರೆ ಡಿವಿಆರನ್ನೇ ತಂದು ಹಾಜರು ಮಾಡಿದರೆ ಅದರ ಮಾತು ಬೇರೆ ಅಂತಲೂ ಅದೇ ತೀರ್ಪಿನಲ್ಲಿದೆ. ನಿಮ್ಮ ಕೇಸಿಗೆ ಏನು ಬೇಕು ಅಂತ ವಕೀಲರನ್ನು ಕೇಳಿ.

ಆ ನಮೂನೆಯಲ್ಲಿ ‘ಹ್ಯಾಶ್’ ಬರೆಯುವ ಜಾಗ ಇದೆ. ಹ್ಯಾಶ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಉದ್ದನೆಯ ಅಂಕಿ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಅಂಕಿ ಪೂರ್ತಿ ಬೇರೆ ಆಗುತ್ತದೆ. ಸೆವೆನ್-ಜಿಪ್ ಹಾಕಿಕೊಂಡಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಆರಿಸಿದರೆ ಸಾಕು, ತೋರಿಸುತ್ತದೆ. ಡಿವಿಆರ್‌ನಿಂದ ತೆಗೆದ ದಿನವೇ ತೆಗೆದು ಬರೆದಿಡಿ. ಚೀಲ ಮಾತ್ರ ಬದಲಿಸಿದರೂ ಹ್ಯಾಶ್ ಬದಲಾಗುತ್ತದೆ ಅನ್ನುವುದು ನೆನಪಿರಲಿ. ಮೂಲಕ್ಕೆ ಒಂದು, ಎಂಪಿ4ಗೆ ಇನ್ನೊಂದು.

ಡಿವಿಆರ್ ಅಥವಾ ಪೆನ್‌ಡ್ರೈವ್ ಕೊಟ್ಟಾಗ ಬರಹದಲ್ಲಿ ಸ್ವೀಕೃತಿ ತೆಗೆದುಕೊಳ್ಳಿ. ಇನ್ನೊಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಡಿವಿಆರ್‌ನ ಗಡಿಯಾರ ಇಪ್ಪತ್ತು ನಿಮಿಷ ಹಿಂದಿದೆ. ಸರಿ ಮಾಡಿಬಿಡಲೇ?

ಕಾಪಿ ಮಾಡುವ ಮುಂಚೆ ಮುಟ್ಟಬೇಡಿ. ಮೊದಲು ಡಿವಿಆರ್ ಪರದೆಯನ್ನೂ ಫೋನಿನ ಸಮಯವನ್ನೂ ಒಟ್ಟಿಗೆ ಇಟ್ಟು ಫೋಟೊ ತೆಗೆಯಿರಿ. ಎಷ್ಟು ನಿಮಿಷ ವ್ಯತ್ಯಾಸ ಅಂತ ಬರೆದಿಡಿ. ಆಮೇಲೆ ಎಲ್ಲ ಕಾಪಿ ಆದ ಮೇಲೆ ಸರಿ ಮಾಡಿ. ವ್ಯತ್ಯಾಸ ಇದ್ದರೂ ಫೂಟೇಜ್ ಉಪಯೋಗಕ್ಕೆ ಬರುತ್ತದೆ, ಎಷ್ಟು ವ್ಯತ್ಯಾಸ ಅಂತ ಗೊತ್ತಿರಬೇಕು ಅಷ್ಟೇ.

ಕರೆಂಟ್ ಹೋಗಿ ಬಂದಾಗೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಬಟನ್ ಸೆಲ್ ಸತ್ತಿದೆ. ಹೆಚ್ಚಿನ ಡಿವಿಆರ್‌ಗಳಲ್ಲಿ ಸಿಆರ್2032 ಇರುತ್ತದೆ, ಕೈಗೆಟುಕುವ ಬೆಲೆ. ಕೆಲವದರಲ್ಲಿ ಬೆಸುಗೆ ಹಾಕಿರುತ್ತಾರೆ, ರಿಪೇರಿಯವರೇ ಬೇಕು. ಇಂಟರ್ನೆಟ್ ಇದ್ದರೆ ಎನ್‌ಟಿಪಿ (ನೆಟ್‌ನಿಂದ ಸಮಯ ತಾನೇ ಸರಿ ಮಾಡಿಕೊಳ್ಳುವ ಅನುಕೂಲ) ಆನ್ ಮಾಡಿ, ಟೈಮ್ ಜೋನ್ 5:30 ಮುಂದೆ ಇರುವಂತೆ ನೋಡಿಕೊಳ್ಳಿ.

ಕನ್ವರ್ಟ್ ಆದ ಎಂಪಿ4ನಲ್ಲಿ ತಾರೀಖು, ಸಮಯ ಕಾಣುವುದಿಲ್ಲ.

ಕೆಲವು ಕಡೆ ಸಮಯವನ್ನು ಕ್ಯಾಮೆರಾ ಚಿತ್ರದ ಮೇಲೇ ಅಚ್ಚು ಹಾಕುತ್ತದೆ, ಅದು ಎಲ್ಲಿ ಹೋದರೂ ಇರುತ್ತದೆ. ಕೆಲವು ಕಡೆ ಸಮಯ ಫೈಲಿನ ಒಳಗೆ ಬೇರೆಯಾಗಿ ಇದ್ದು, ಕಂಪನಿಯ ಪ್ಲೇಯರ್ ಅದನ್ನು ಓದಿ ಮೇಲೆ ತೋರಿಸುತ್ತದೆ. ಚೀಲ ಬದಲಾದಾಗ ಅದು ಬಿದ್ದುಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಒಎಸ್‌ಡಿ (ಚಿತ್ರದ ಮೇಲೇ ತಾರೀಖು, ಸಮಯ ಬರೆಯುವ ಆಯ್ಕೆ) ಆನ್ ಮಾಡಿಸಿ. ಈಗಾಗಲೇ ಆಗಿರುವುದಕ್ಕೆ ಮೂಲ ಫೈಲ್ ಕೊಡುವುದೊಂದೇ ದಾರಿ.

ಆನ್‌ಲೈನ್ ಕನ್ವರ್ಟರ್ ಸೈಟುಗಳನ್ನು ಬಳಸಬಹುದೇ?

ಬೇಡ. ಅಂಗಡಿಯ ಗಲ್ಲಾ, ಮನೆಯವರು, ಗಿರಾಕಿಗಳ ಮುಖ ಇರುವ ವಿಡಿಯೊವನ್ನು ಯಾರದೋ ಸರ್ವರಿಗೆ ಯಾಕೆ ಕಳಿಸಬೇಕು?

ಮುಖ ಮಸುಕಾಗಿದೆ. ಕ್ಲಿಯರ್ ಮಾಡುವ ಸಾಫ್ಟ್‌ವೇರ್ ಇದೆಯಂತಲ್ಲ?

ಬೆಳಕು ಹೆಚ್ಚಿಸುವುದು, ಅಲುಗಾಟ ಕಡಿಮೆ ಮಾಡುವುದು ಸಾಧ್ಯ. ಚಿತ್ರದಲ್ಲಿ ಇಲ್ಲದ್ದನ್ನು ತರುವುದು ಸಾಧ್ಯವಿಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ ಚಿತ್ರದ ಅಗಲ 1920 ಚುಕ್ಕೆ. ಇಡೀ ಚೌಕ ಕಾಣಲಿ ಅಂತ ಅಗಲವಾಗಿ ಇಟ್ಟ ಕ್ಯಾಮೆರಾದಲ್ಲಿ ದೂರದ ಬೈಕಿನ ನಂಬರ್ ಪ್ಲೇಟಿಗೆ ಹತ್ತು ಹದಿನೈದು ಚುಕ್ಕೆ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಅಂಕಿ ಓದಲು ಆಗುವುದಿಲ್ಲ. ಈಗಿನ ಎಐ ಆ್ಯಪ್‌ಗಳು ಮುಖವನ್ನು ಚೆಂದ ಮಾಡಿ ತೋರಿಸುತ್ತವೆ, ಆದರೆ ಅದು ಊಹಿಸಿ ಬರೆದ ಮುಖ. ಅದನ್ನು ಹಿಡಿದು ‘ಇವನೇ ಕಳ್ಳ’ ಅಂತ ಗ್ರೂಪಿನಲ್ಲಿ ಹಾಕಿದರೆ ಯಾರೋ ಪಾಪದವರು ಒದೆ ತಿನ್ನಬೇಕಾಗುತ್ತದೆ.

ಪಿಜಿ ನಡೆಸುತ್ತೇನೆ. ‘ನಮ್ಮ ಹುಡುಗಿ ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಂದಳು, ಫೂಟೇಜ್ ಕೊಡಿ’ ಅಂತ ಕೇಳುತ್ತಾರೆ. ಕೊಡಬೇಕೇ?

ಧಾರವಾಡದಲ್ಲಿ ಇದು ಬಹಳ ಬರುವ ಪ್ರಶ್ನೆ. ಕೇಳಿದವರಿಗೆಲ್ಲ ಕೊಡಬೇಡಿ. ಕೇಳಿದವರು ನಿಜವಾಗಿ ಅಪ್ಪನೋ ಚಿಕ್ಕಪ್ಪನೋ ಅಂತ ನಿಮಗೇನು ಗೊತ್ತು? ಆ ಫೂಟೇಜಿನಲ್ಲಿ ಬೇರೆ ಹುಡುಗಿಯರೂ ಇರುತ್ತಾರೆ. ನಿಜಕ್ಕೂ ತೊಂದರೆ ಇದ್ದರೆ ಸ್ಟೇಷನ್ನಿಗೆ ದೂರು ಕೊಡಲು ಹೇಳಿ, ಪೊಲೀಸರು ಬರಹದಲ್ಲಿ ಕೇಳಿದಾಗ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅವರಿಗೆ ಆ ಅಧಿಕಾರ ಕೊಡುತ್ತದೆ. ಅಷ್ಟರವರೆಗೆ ಬೇಕಾದ ಭಾಗವನ್ನು ಕಾಪಿ ಮಾಡಿ ನಿಮ್ಮ ಹತ್ತಿರ ಭದ್ರವಾಗಿ ಇಟ್ಟುಕೊಳ್ಳಿ. ಯಾರು, ಯಾವಾಗ, ಯಾವ ಫೂಟೇಜ್ ಒಯ್ದರು ಅಂತ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಪಾಸ್‌ವರ್ಡ್ ಗೊತ್ತಿಲ್ಲ. ಕ್ಯಾಮೆರಾ ಹಾಕಿದ ಹುಡುಗ ಊರು ಬಿಟ್ಟಿದ್ದಾನೆ.

ಊಹಿಸಿ ಊಹಿಸಿ ಹಾಕಬೇಡಿ, ಡಿವಿಆರ್ ಲಾಕ್ ಆಗುತ್ತದೆ. ಕಂಪನಿಯ ಗಿರಾಕಿ ಸೇವೆಗೆ ಡಿವಿಆರ್ ಸೀರಿಯಲ್ ನಂಬರ್, ಬಿಲ್ ಕೊಟ್ಟರೆ ರೀಸೆಟ್ ದಾರಿ ಹೇಳುತ್ತಾರೆ. ಪಾಸ್‌ವರ್ಡ್ ರೀಸೆಟ್ ಮಾಡಿದರೆ ಫೂಟೇಜ್ ಹೋಗುವುದಿಲ್ಲ. ‘ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಸರಿ ಹೋಗುತ್ತದೆ ಸರ್’ ಅನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಹೊಸದಾಗಿ ಹಾಕಿಸುವವರು ಅಡ್ಮಿನ್ ಪಾಸ್‌ವರ್ಡನ್ನು ಹಣ ಕೊಡುವ ಮುಂಚೆಯೇ ಬರೆಸಿಕೊಳ್ಳಿ.

ಡಿವಿಆರ್ ಸುಟ್ಟಿದೆ. ಹಾರ್ಡ್‌ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಫೂಟೇಜ್ ಸಿಗುತ್ತದೆಯೇ?

ನೇರವಾಗಿ ಸಿಗುವುದಿಲ್ಲ. ಡಿವಿಆರ್‌ಗಳು ಡಿಸ್ಕ್ ಮೇಲೆ ವಿಂಡೋಸಿಗೆ ತಿಳಿಯದ ರೀತಿಯಲ್ಲಿ ಬರೆಯುತ್ತವೆ. ಕಂಪ್ಯೂಟರಿಗೆ ಹಾಕಿದ ತಕ್ಷಣ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು’ ಅಥವಾ ‘ಇನಿಷಿಯಲೈಸ್ ಮಾಡಿ’ ಅಂತ ಕೇಳುತ್ತದೆ. ಬೇಡ ಅಂತಲೇ ಒತ್ತಿ.

ಅದೇ ಕಂಪನಿಯ, ಸಾಧ್ಯವಾದರೆ ಅದೇ ಮಾಡೆಲಿನ ಇನ್ನೊಂದು ಡಿವಿಆರ್‌ಗೆ ಆ ಡಿಸ್ಕ್ ಹಾಕಿದರೆ ಎಷ್ಟೋ ಸಲ ಹಳೆಯ ರೆಕಾರ್ಡಿಂಗ್ ಕಾಣುತ್ತದೆ. ಆ ಡಿವಿಆರ್ ಕೂಡ ಫಾರ್ಮ್ಯಾಟ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ಕಾಣಿಸಿದರೆ ರೆಕಾರ್ಡಿಂಗ್ ಮೊದಲು ಬಂದ್ ಮಾಡಿ, ಇಲ್ಲದಿದ್ದರೆ ಹೊಸ ಡಿವಿಆರ್ ಹಳೆಯ ಫೂಟೇಜಿನ ಮೇಲೆಯೇ ಬರೆಯಲು ಶುರು ಮಾಡುತ್ತದೆ. ಕ್ಯಾಮೆರಾ ವೈರ್‌ಗಳನ್ನು ಹಚ್ಚದೇ ಇದ್ದರೆ ಇನ್ನೂ ಒಳ್ಳೆಯದು. ಎರಡು ಡಿಸ್ಕ್ ಇರುವ ಡಿವಿಆರ್ ಆದರೆ ಬಿಚ್ಚುವ ಮುಂಚೆ ಯಾವ ಡಿಸ್ಕಿಗೆ ಯಾವ ಕೇಬಲ್ ಇತ್ತು ಅಂತ ಫೋಟೊ ತೆಗೆದುಕೊಂಡು, ಡಿಸ್ಕ್ ಮೇಲೆ ಸ್ಕೆಚ್‌ಪೆನ್ನಿನಿಂದ ಒಂದು, ಎರಡು ಅಂತ ಬರೆಯಿರಿ.